ಗರ್ಭಕೋಶ ತೆಗೆದ ಮೇಲೂ ರೇಡಿಯೇಷನ್ ಯಾಕೆ?

ಗರ್ಭಕೋಶ ತೆಗೆದಾಗಿದೆ. ಅಂಡಾಶಯ, ಅಂಡನಾಳಗಳೂ ಹೋಗಿವೆ. ಸ್ಕ್ಯಾನ್‌ನಲ್ಲಿ ಎಲ್ಲೂ ಏನೂ ಕಾಣುತ್ತಿಲ್ಲ ಎಂದು ವೈದ್ಯರೇ ಹೇಳಿದ್ದಾರೆ. ಹೊಲಿಗೆ ಮಾಗುವ ಹೊತ್ತಿಗೆ ಬಯಾಪ್ಸಿ ರಿಪೋರ್ಟ್ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು: ಐದು ವಾರ ರೇಡಿಯೇಷನ್ ಬೇಕಾಗಬಹುದು. ಮನೆಯವರು ಮೊದಲು ಕೇಳುವುದು ಒಂದೇ, ಇಲ್ಲದ ಗಡ್ಡೆಗೆ ಚಿಕಿತ್ಸೆ ಯಾಕೆ?

ಗೊಂದಲ ಅಲ್ಲಿಗೇ ಮುಗಿಯುವುದಿಲ್ಲ. ಅದೇ ವಾರ್ಡಿನ ಪಕ್ಕದ ಹಾಸಿಗೆಯಲ್ಲಿರುವವರಿಗೂ ಗರ್ಭಕೋಶದ ಕ್ಯಾನ್ಸರೇ. ಅವರ ಗಡ್ಡೆ ಇನ್ನೂ ದೊಡ್ಡದಿತ್ತು. ಆದರೂ ಅವರಿಗೆ ರೇಡಿಯೇಷನ್ ಬೇಡ ಎಂದು ಮನೆಗೆ ಕಳಿಸುತ್ತಾರೆ. ಇವರಿಗೆ ಕೊಡುವುದು ಅತಿಯಾಯಿತೇ, ಅವರಿಗೆ ಕೊಡದಿರುವುದು ಅಲಕ್ಷ್ಯವೇ? ಎರಡೂ ಅಲ್ಲ ಎಂಬ ಸಾಧ್ಯತೆಯೇ ಹೆಚ್ಚು. ಗರ್ಭಕೋಶದಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್‌ಗಳು ನೋಡಲು ಅಕ್ಕಪಕ್ಕದವು, ಆದರೆ ಹರಡುವ ದಾರಿ ಬೇರೆ ಬೇರೆ. ರೇಡಿಯೇಷನ್ ಬೇಕೋ ಬೇಡವೋ ಎನ್ನುವುದು ಗಡ್ಡೆ ಎಷ್ಟು ಭಯಂಕರ ಎಂಬುದರ ಮೇಲೆ ನಿಂತಿಲ್ಲ. ಅದು ಮರಳಿ ಬಂದರೆ ಎಲ್ಲಿ ಬರುತ್ತದೆ ಎಂಬುದರ ಮೇಲೆ ನಿಂತಿದೆ.

ಗುರಿ ಇಟ್ಟ ಜಾಗದಲ್ಲಿ ಮಾತ್ರ

ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿಗೆ ಕಂಡದ್ದೆಲ್ಲ ಹೋಗುತ್ತದೆ. ಸ್ಕ್ಯಾನ್‌ಗೆ ಕಾಣಬೇಕಾದರೂ ಜೀವಕೋಶಗಳು ಕೋಟಿಗಟ್ಟಲೆ ಗುಂಪಾಗಿ ಒಂದು ಗಾತ್ರಕ್ಕೆ ಬಂದಿರಬೇಕು. ಅದಕ್ಕಿಂತ ಸಣ್ಣ ಗುಂಪುಗಳು ಯೋನಿಯ ಮೇಲ್ತುದಿಯ ಹೊಲಿಗೆಯ ಹತ್ತಿರ, ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳಲ್ಲಿ, ಅಥವಾ ಗರ್ಭಕೋಶದ ಪಕ್ಕದ ಅಂಗಾಂಶದಲ್ಲಿ ಉಳಿದಿರಬಹುದು. ಹಾಗೆ ಉಳಿದಿದ್ದರೆ ಬೆಳೆಯುವ ಮೊದಲೇ ಕೊಲ್ಲುವುದು ಶಸ್ತ್ರಚಿಕಿತ್ಸೆಯ ನಂತರದ ರೇಡಿಯೇಷನ್‌ನ ಕೆಲಸ.

ಅದರ ಶಕ್ತಿಯೂ ಮಿತಿಯೂ ಒಂದೇ ಕಡೆ ಇವೆ. ಕಿರಣ ಬಿದ್ದ ಜಾಗದಲ್ಲಷ್ಟೇ ಅದು ಕೆಲಸ ಮಾಡುತ್ತದೆ. ಕಿಬ್ಬೊಟ್ಟೆಗೆ ಕೊಟ್ಟ ರೇಡಿಯೇಷನ್ ಶ್ವಾಸಕೋಶಕ್ಕೆ ಆಗಲೇ ಹೋಗಿ ಕುಳಿತ ಜೀವಕೋಶವನ್ನು ಮುಟ್ಟುವುದಿಲ್ಲ, ಅದಕ್ಕೆ ರಕ್ತದಲ್ಲಿ ಸಾಗುವ ಔಷಧಿಯೇ ಬೇಕು. ಆದ್ದರಿಂದ ಕಿಬ್ಬೊಟ್ಟೆಯಲ್ಲೇ ಮರಳುವ ಸ್ವಭಾವದ ಕ್ಯಾನ್ಸರ್‌ಗೆ ರೇಡಿಯೇಷನ್‌ನಿಂದ ಲಾಭವಿದೆ. ರಕ್ತದ ಮೂಲಕ ದೂರಕ್ಕೆ ಹೋಗುವ ಸ್ವಭಾವದ್ದಕ್ಕೆ ಕಿಬ್ಬೊಟ್ಟೆಗೆ ರೇಡಿಯೇಷನ್ ಕೊಡುವುದು ಹಕ್ಕಿ ಹಾರಿಹೋದ ಮೇಲೆ ಗೂಡಿಗೆ ಬಾಗಿಲು ಹಾಕಿದ ಹಾಗೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಮಾತಿನ ಭರದಲ್ಲಿ ಅದು ಕಳೆದುಹೋಗುತ್ತದೆ. 'ಇದರಿಂದ ಕ್ಯಾನ್ಸರ್ ಮತ್ತೆ ಬರುವುದು ಕಡಿಮೆಯಾಗುತ್ತದೆ' ಎಂದು ವೈದ್ಯರು ಹೇಳಿದರೆ ಅದು 'ಆ ಜಾಗದಲ್ಲಿ ಮತ್ತೆ ಬರುವುದು ಕಡಿಮೆಯಾಗುತ್ತದೆ' ಎಂಬ ಮಾತಿರಬಹುದು. ಆಯುಷ್ಯ ಹೆಚ್ಚುತ್ತದೆ ಎಂಬುದು ಬೇರೆಯೇ ಮಾತು. ಹಾಗೆಂದು ಮೊದಲನೆಯದು ಸಣ್ಣ ಲಾಭವೇನಲ್ಲ. ಕಿಬ್ಬೊಟ್ಟೆಯಲ್ಲಿ ಮರಳಿದ ಗಡ್ಡೆ ರಕ್ತಸ್ರಾವ, ನೋವು, ಮೂತ್ರದ ತೊಂದರೆ ತರುತ್ತದೆ, ಅದನ್ನು ತಪ್ಪಿಸುವುದಕ್ಕೆ ಅದರದೇ ಬೆಲೆಯಿದೆ. ಆದರೆ ಯಾವ ಲಾಭಕ್ಕಾಗಿ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇವೆ ಎಂದು ಗೊತ್ತಿರಬೇಕು.

ಅಪರೂಪ ಅಂದರೆ ಯಾವುವು?

ಗರ್ಭಕೋಶದ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹತ್ತರಲ್ಲಿ ಎಂಟರಷ್ಟು ಎಂಡೊಮೆಟ್ರಿಯಾಯ್ಡ್ ಎಂಬ ಬಗೆಯವು. ಬಹುಪಾಲು ನಿಧಾನಿ, ಬೇಗ ಪತ್ತೆಯಾಗುತ್ತವೆ, ಶಸ್ತ್ರಚಿಕಿತ್ಸೆಯಲ್ಲೇ ವಾಸಿಯಾಗುತ್ತವೆ. ಉಳಿದವುಗಳಲ್ಲಿ ಅದೇ ಒಳಪದರದಿಂದ ಬರುವ ಸೀರಸ್, ಕ್ಲಿಯರ್ ಸೆಲ್ ಮತ್ತು ಕಾರ್ಸಿನೋಸಾರ್ಕೋಮಾ ಎಂಬ ಉಗ್ರ ಬಗೆಗಳು ಒಂದು ಗುಂಪು. ಇನ್ನೊಂದು ಗುಂಪು ಗರ್ಭಕೋಶದ ಸ್ನಾಯು ಅಥವಾ ಆಧಾರ ಅಂಗಾಂಶದಿಂದ ಹುಟ್ಟುವ ಸಾರ್ಕೋಮಾಗಳದು: ಲಿಯೋಮಯೋಸಾರ್ಕೋಮಾ, ಎಂಡೊಮೆಟ್ರಿಯಲ್ ಸ್ಟ್ರೋಮಲ್ ಸಾರ್ಕೋಮಾ, ಅಡಿನೋಸಾರ್ಕೋಮಾ ಹೀಗೆ. ಗರ್ಭಕೋಶದ ಒಟ್ಟು ಕ್ಯಾನ್ಸರ್‌ಗಳಲ್ಲಿ ಸಾರ್ಕೋಮಾಗಳ ಪಾಲು ನೂರಕ್ಕೆ ಮೂರರಿಂದ ಏಳರ ಆಸುಪಾಸು.

ಅಪರೂಪ ಎಂಬುದಕ್ಕೆ ಕಾಯಿಲೆ ಕೊಡುವ ಕಷ್ಟದ ಜೊತೆ ಇನ್ನೊಂದು ಕಷ್ಟವೂ ಅಂಟಿಕೊಂಡಿದೆ. ಒಂದು ಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ನೂರಾರು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ವರ್ಷಗಟ್ಟಲೆ ಗಮನಿಸಬೇಕು. ಅಷ್ಟು ರೋಗಿಗಳೇ ಸಿಗದಿದ್ದರೆ? ಯುರೋಪಿನ ಇಒಆರ್‌ಟಿಸಿ ಸಂಸ್ಥೆ ಗರ್ಭಕೋಶದ ಸಾರ್ಕೋಮಾಗಳಿಗೆ ರೇಡಿಯೇಷನ್ ಬೇಕೇ ಎಂದು ನೋಡಲು 1988ರಲ್ಲಿ ಒಂದು ಪ್ರಯೋಗ ಶುರುಮಾಡಿತು. ಹಲವು ದೇಶಗಳ ಆಸ್ಪತ್ರೆಗಳು ಸೇರಿಕೊಂಡರೂ 224 ಮಹಿಳೆಯರನ್ನು ಸೇರಿಸುವಷ್ಟರಲ್ಲಿ 2001 ಬಂದಿತ್ತು. ಫಲಿತಾಂಶ ಅಚ್ಚಾದದ್ದು 2008ರಲ್ಲಿ. ಇಪ್ಪತ್ತು ವರ್ಷ, ಒಂದು ಪ್ರಶ್ನೆ. ಇವತ್ತಿಗೂ ಈ ವಿಷಯದಲ್ಲಿ ಎಲ್ಲರೂ ಕೈತೋರಿಸುವುದು ಅದೇ ಅಧ್ಯಯನದ ಕಡೆಗೆ.

ಅದು ಹೇಳಿದ್ದು ಇಷ್ಟು. ಮೊದಲ ಮತ್ತು ಎರಡನೇ ಹಂತದ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಕಿಬ್ಬೊಟ್ಟೆಗೆ ರೇಡಿಯೇಷನ್ ಕೊಟ್ಟರು, ಉಳಿದವರನ್ನು ಬರೀ ಗಮನಿಸಿದರು. ರೇಡಿಯೇಷನ್ ಪಡೆದವರಲ್ಲಿ ಕಿಬ್ಬೊಟ್ಟೆಯಲ್ಲಿ ಕ್ಯಾನ್ಸರ್ ಮರಳುವುದು ಕಡಿಮೆಯಾಯಿತು, ಆದರೆ ಒಟ್ಟಾರೆ ಬದುಕಿದ ಅವಧಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಗೆ ಬಗೆಯಾಗಿ ಬಿಡಿಸಿ ನೋಡಿದಾಗ ಆ ಸ್ಥಳೀಯ ಲಾಭವೂ ಕಾರ್ಸಿನೋಸಾರ್ಕೋಮಾ ಇದ್ದವರದ್ದೇ ಹೊರತು ಲಿಯೋಮಯೋಸಾರ್ಕೋಮಾ ಇದ್ದ 103 ಮಂದಿಗೆ ಅದೂ ಸಿಗಲಿಲ್ಲ.

ಇದರಲ್ಲೊಂದು ವಿಚಿತ್ರವಿದೆ. ಕಾರ್ಸಿನೋಸಾರ್ಕೋಮಾವನ್ನು ಆಗ ಸಾರ್ಕೋಮಾ ಎಂದೇ ಎಣಿಸುತ್ತಿದ್ದರು. ಅದರ ಜೀವಕೋಶಗಳ ವಂಶವಾಹಿಯನ್ನು ಪರೀಕ್ಷಿಸಿದ ಮೇಲೆ ಅದು ಮೂಲತಃ ಒಳಪದರದ ಕ್ಯಾನ್ಸರೇ, ಅದರ ಒಂದು ಭಾಗ ಸಾರ್ಕೋಮಾದ ವೇಷ ತೊಟ್ಟಿದೆ ಎಂದು ಗೊತ್ತಾಯಿತು. ಈಗ ಅದರ ಹಂತವನ್ನು ಒಳಪದರದ ಕ್ಯಾನ್ಸರ್‌ಗಳ ಪಟ್ಟಿಯಲ್ಲೇ ನಿರ್ಧರಿಸುತ್ತಾರೆ. 2009ರಿಂದ ನಿಜವಾದ ಸಾರ್ಕೋಮಾಗಳಿಗೆ ಪ್ರತ್ಯೇಕ ಹಂತಗಳ ಪಟ್ಟಿಯೇ ಇದೆ. ಸಾರ್ಕೋಮಾಗಳಿಗೆಂದೇ ನಡೆದ ಪ್ರಯೋಗದಲ್ಲಿ ಲಾಭ ಕಂಡದ್ದು ಸಾರ್ಕೋಮಾ ಅಲ್ಲದ್ದಕ್ಕೆ!

ಲಿಯೋಮಯೋಸಾರ್ಕೋಮಾ: ಬೇಡ ಎನ್ನುವುದೂ ಚಿಕಿತ್ಸೆಯ ನಿರ್ಧಾರವೇ

ಗರ್ಭಕೋಶದ ಸ್ನಾಯುವಿನಲ್ಲಿ ಹುಟ್ಟುವ ಈ ಗಡ್ಡೆ ಬಹಳ ಸಲ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಸ್ನಾಯುಗಡ್ಡೆ) ಎಂದುಕೊಂಡು ತೆಗೆದ ಮೇಲೆ ರಿಪೋರ್ಟಿನಲ್ಲಿ ಬಯಲಾಗುತ್ತದೆ. ಸ್ಕ್ಯಾನ್‌ನಲ್ಲಿ ಎರಡನ್ನೂ ಖಚಿತವಾಗಿ ಬೇರೆಮಾಡುವುದು ಕಷ್ಟ. ರಕ್ತನಾಳದ ದಾರಿ ಹಿಡಿಯುವುದು ಇದರ ಚಾಳಿ, ಮೊದಲ ನಿಲ್ದಾಣ ಸಾಮಾನ್ಯವಾಗಿ ಶ್ವಾಸಕೋಶ. ಗಡ್ಡೆ ಗರ್ಭಕೋಶದೊಳಗೇ ಇದ್ದು, ತುಂಡಾಗದೆ ಇಡಿಯಾಗಿ ಹೊರಬಂದಿದ್ದರೆ, ಕಿಬ್ಬೊಟ್ಟೆಗೆ ಮಾಮೂಲಾಗಿ ರೇಡಿಯೇಷನ್ ಕೊಡುವುದಿಲ್ಲ. ಕಾರಣ ಮೇಲೆ ಹೇಳಿದ ಪ್ರಯೋಗ.

ಹಾಗಾದರೆ ರಕ್ತದಲ್ಲಿ ಸಾಗುವ ಔಷಧಿ, ಅಂದರೆ ಕೀಮೋ? ಅಲ್ಲೂ ಉತ್ತರ ಗಟ್ಟಿಯಿಲ್ಲ. ಮೊದಲ ಹಂತದವರಿಗೆ ಕೀಮೋದಿಂದ ಲಾಭವಿದೆಯೇ ಎಂದು ನೋಡಲು ಅಂತರರಾಷ್ಟ್ರೀಯ ಮಟ್ಟದಲ್ಲಿ ಶುರುವಾದ ಜಿಒಜಿ 277 ಎಂಬ ಪ್ರಯೋಗ 38 ಮಂದಿಯನ್ನಷ್ಟೇ ಸೇರಿಸಿಕೊಂಡು, ರೋಗಿಗಳು ಸಿಗದೆ ನಿಂತುಹೋಯಿತು. ನಿಂತಷ್ಟರಲ್ಲಿ ಲಾಭದ ಸುಳಿವೇನೂ ಕಾಣಲಿಲ್ಲ. ಆದ್ದರಿಂದ 'ಈಗ ಏನೂ ಕೊಡುವುದಿಲ್ಲ, ಮೂರು ಮೂರು ತಿಂಗಳಿಗೆ ಬನ್ನಿ, ಎದೆಯ ಸ್ಕ್ಯಾನ್ ಮಾಡಿ ನೋಡೋಣ' ಎಂದು ವೈದ್ಯರು ಹೇಳಿದರೆ ಅದು ಕೈಚೆಲ್ಲಿದ ಮಾತಲ್ಲ. ಇಷ್ಟು ಉಗ್ರ ಹೆಸರಿನ ಕಾಯಿಲೆಗೆ ಬರೀ ಕಾಯುವುದು ಎಷ್ಟು ಕಷ್ಟ ಎಂಬುದು ನಿಜ. ಆ ಕಷ್ಟಕ್ಕೆ ಪರಿಹಾರವಾಗಿ ಐದು ವಾರ ರೇಡಿಯೇಷನ್ ತೆಗೆದುಕೊಂಡರೆ ಮನಸ್ಸಿಗೆ ಸಮಾಧಾನ ಸಿಗಬಹುದು, ಕರುಳಿಗೆ ಪೆಟ್ಟಂತೂ ಬೀಳುತ್ತದೆ.

ಇದಕ್ಕೆ ಅಪವಾದಗಳಿವೆ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದ್ದರೆ, ಗಡ್ಡೆ ಗರ್ಭಕೋಶದಾಚೆ ಕಿಬ್ಬೊಟ್ಟೆಯ ಗೋಡೆಗೆ ಅಂಟಿಕೊಂಡಿದ್ದರೆ, ಒಂದು ನಿರ್ದಿಷ್ಟ ಜಾಗಕ್ಕೆ ಗುರಿಯಿಟ್ಟು ರೇಡಿಯೇಷನ್ ಕೊಡುವ ಬಗ್ಗೆ ಯೋಚಿಸುತ್ತಾರೆ. ಒಬ್ಬೊಬ್ಬರ ವಿಷಯವನ್ನೂ ಬೇರೆಯಾಗಿಯೇ ತೂಗಿನೋಡಬೇಕಾದ ಸಂದರ್ಭಗಳಿವು.

ಇನ್ನೊಂದು ಕಠಿಣ ಸಂದರ್ಭ, ಗಡ್ಡೆಯನ್ನು ಹೊಟ್ಟೆಯೊಳಗೇ ಪುಡಿಮಾಡಿ ಕೀಹೋಲ್ ಮೂಲಕ ತೆಗೆದದ್ದು. ಮಾರ್ಸೆಲೇಟರ್ ಎಂಬ ಆ ಯಂತ್ರ ಫೈಬ್ರಾಯ್ಡ್‌ಗೆ ಅನುಕೂಲ, ಆದರೆ ಒಳಗಿದ್ದದ್ದು ಸಾರ್ಕೋಮಾ ಆಗಿದ್ದರೆ ಅದರ ಚೂರುಗಳು ಹೊಟ್ಟೆಯ ತುಂಬ ಚೆಲ್ಲುತ್ತವೆ. ಫೈಬ್ರಾಯ್ಡ್ ಎಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಸುಮಾರು 350 ಮಹಿಳೆಯರಲ್ಲಿ ಒಬ್ಬರಲ್ಲಿ ಸಾರ್ಕೋಮಾ ಅಡಗಿರಬಹುದು ಎಂದು ಅಂದಾಜಿಸಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಈ ಯಂತ್ರದ ಬಗ್ಗೆ ಎಚ್ಚರಿಕೆ ಕೊಟ್ಟಿತು. ಹಾಗೆ ಚೆಲ್ಲಿಹೋದದ್ದನ್ನು ರೇಡಿಯೇಷನ್‌ನಿಂದ ಸರಿಪಡಿಸಬಹುದೇ ಎಂದರೆ, ಇಡೀ ಹೊಟ್ಟೆಗೆ ಕೊಡಬೇಕಾಗುತ್ತದೆ. ಕರುಳು, ಮೂತ್ರಪಿಂಡ, ಯಕೃತ್ತು ತಡೆದುಕೊಳ್ಳುವ ಪ್ರಮಾಣ ಕ್ಯಾನ್ಸರ್ ಕೊಲ್ಲಲು ಬೇಕಾದ ಪ್ರಮಾಣಕ್ಕಿಂತ ತೀರ ಕಡಿಮೆ. ಕಾರ್ಸಿನೋಸಾರ್ಕೋಮಾದಲ್ಲಿ ಇಡೀ ಹೊಟ್ಟೆಗೆ ರೇಡಿಯೇಷನ್ ಕೊಟ್ಟು ಕೀಮೋದೊಡನೆ ಹೋಲಿಸಿದ ಜಿಒಜಿ 150 ಪ್ರಯೋಗದಲ್ಲಿ ರೇಡಿಯೇಷನ್ ಮೇಲುಗೈ ಸಾಧಿಸಲಿಲ್ಲ, ಒಲವು ಕೀಮೋ ಕಡೆಗೇ ಇತ್ತು. ಆ ಪದ್ಧತಿ ಬಹುಮಟ್ಟಿಗೆ ಕೈಬಿಟ್ಟುಹೋಗಿದೆ.

ಸ್ಟ್ರೋಮಲ್ ಸಾರ್ಕೋಮಾದ ಕಡಿಮೆ ದರ್ಜೆಯ ಬಗೆ ಇದಕ್ಕೆ ತದ್ವಿರುದ್ಧ ಸ್ವಭಾವದ್ದು. ಬಲು ನಿಧಾನ. ಹತ್ತು, ಹದಿನೈದು ವರ್ಷ ಕಳೆದ ಮೇಲೂ ಮರಳಬಹುದು. ಈಸ್ಟ್ರೋಜೆನ್ ಹಾರ್ಮೋನನ್ನು ಉಂಡು ಬೆಳೆಯುತ್ತದೆ, ಹಾಗಾಗಿ ಅಂಡಾಶಯ ತೆಗೆಯುವುದು ಮತ್ತು ಈಸ್ಟ್ರೋಜೆನ್ ತಯಾರಾಗದಂತೆ ತಡೆಯುವ ಮಾತ್ರೆಗಳಿಗೆ ಇಲ್ಲಿ ಮೊದಲ ಸ್ಥಾನ. ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ಯಾಮಾಕ್ಸಿಫೆನ್ ಗರ್ಭಕೋಶದ ಮೇಲೆ ಈಸ್ಟ್ರೋಜೆನ್‌ನಂತೆಯೇ ವರ್ತಿಸುವುದರಿಂದ ಇಲ್ಲಿ ಅದು ಸಲ್ಲ. ರೇಡಿಯೇಷನ್ ಕಿಬ್ಬೊಟ್ಟೆಯಲ್ಲಿ ಮರಳುವುದನ್ನು ತಗ್ಗಿಸಬಹುದು, ಆದರೆ ದಶಕಗಳ ಕಾಲ ಬದುಕಬೇಕಾದ, ಅನೇಕ ಸಲ ಇನ್ನೂ ನಡುವಯಸ್ಸಿನ ಮಹಿಳೆಗೆ ದಶಕಗಳ ನಂತರದ ದುಷ್ಪರಿಣಾಮವನ್ನು ಕೊಡುವುದು ಎಷ್ಟು ಸರಿ ಎಂಬ ಪ್ರಶ್ನೆ ಎದುರಿಗಿರುತ್ತದೆ. ಅಡಿನೋಸಾರ್ಕೋಮಾಕ್ಕೆ ಹೆಚ್ಚಿನ ಪಾಲು ಶಸ್ತ್ರಚಿಕಿತ್ಸೆಯಷ್ಟೇ ಸಾಕು, ಅದರೊಳಗಿನ ಸಾರ್ಕೋಮಾದ ಅಂಶ ಅತಿಯಾಗಿ ಬೆಳೆದಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ಸೀರಸ್ ಮತ್ತು ಅದರ ಸೋದರಿಯರು

ಈ ಗುಂಪಿನಲ್ಲಿ ರೇಡಿಯೇಷನ್‌ಗೆ ನಿಜವಾದ ಪಾತ್ರವಿದೆ, ಆದರೆ ಒಂಟಿಯಾಗಿ ಅಲ್ಲ. ಸೀರಸ್ ಕ್ಯಾನ್ಸರ್ ಕಿಬ್ಬೊಟ್ಟೆಯಲ್ಲೂ ಮರಳುತ್ತದೆ, ದೂರಕ್ಕೂ ಹೋಗುತ್ತದೆ. ಹಾಗಾಗಿ ಎರಡು ಕಡೆಯಿಂದಲೂ ಹಿಡಿಯಬೇಕು.

ನೆದರ್‌ಲ್ಯಾಂಡ್ಸ್‌ನ ತಜ್ಞರ ಮುಂದಾಳತ್ವದ ಪೋರ್ಟೆಕ್-3 ಎಂಬ ಪ್ರಯೋಗ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿತು. ಒಳಪದರದ ಹೆಚ್ಚು ಅಪಾಯದ ಕ್ಯಾನ್ಸರ್ ಇದ್ದ 660 ಮಹಿಳೆಯರಲ್ಲಿ ಒಂದು ಗುಂಪಿಗೆ ರೇಡಿಯೇಷನ್ ಮಾತ್ರ ಕೊಟ್ಟರು. ಇನ್ನೊಂದು ಗುಂಪಿಗೆ ರೇಡಿಯೇಷನ್ ನಡೆಯುವಾಗ ಎರಡು ಬಾರಿ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿ, ಅದಾದ ಮೇಲೆ ನಾಲ್ಕು ಬಾರಿ ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೆರಡು ಕೀಮೋ ಔಷಧಿ ಕೊಟ್ಟರು. ಸೀರಸ್ ಬಗೆಯವರಲ್ಲಿ ವ್ಯತ್ಯಾಸ ಎದ್ದುಕಂಡಿತು: ಐದು ವರ್ಷದ ನಂತರ ಬದುಕಿದ್ದವರು ಜೋಡಿ ಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ ಸುಮಾರು 71, ರೇಡಿಯೇಷನ್ ಮಾತ್ರ ಪಡೆದವರಲ್ಲಿ ಸುಮಾರು 53. ಸೀರಸ್‌ಗೆ ಬರೀ ರೇಡಿಯೇಷನ್ ಸಾಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಹಾಗಿದ್ದರೆ ಬರೀ ಕೀಮೋ ಸಾಕೇ? ಕಾಯಿಲೆ ಮುಂದುವರಿದ ಹಂತದವರಲ್ಲಿ ಅಮೆರಿಕದ ಜಿಒಜಿ 258 ಇದನ್ನೇ ಕೇಳಿತು. ಫಲಿತಾಂಶ 2019ರಲ್ಲಿ ಬಂತು. ಕೀಮೋ ಮಾತ್ರ ಪಡೆದವರಿಗೂ, ರೇಡಿಯೇಷನ್ ಸೇರಿಸಿ ಪಡೆದವರಿಗೂ ಕ್ಯಾನ್ಸರ್ ಮರಳದೆ ಕಳೆದ ಅವಧಿ ಹೆಚ್ಚುಕಡಿಮೆ ಸಮ. ಆದರೆ ಮರಳಿದ ಜಾಗ ಬೇರೆ. ರೇಡಿಯೇಷನ್ ಇಲ್ಲದವರಲ್ಲಿ ಯೋನಿ ಮತ್ತು ಕಿಬ್ಬೊಟ್ಟೆಯ ಗ್ರಂಥಿಗಳಲ್ಲಿ ಹೆಚ್ಚು, ರೇಡಿಯೇಷನ್ ಇದ್ದವರಲ್ಲಿ ದೂರದಲ್ಲಿ ತುಸು ಹೆಚ್ಚು. ಚಿಕಿತ್ಸೆ ಎಲ್ಲಿ ಬಿತ್ತೋ ಅಲ್ಲಿ ಕೆಲಸ ಮಾಡಿತು, ಬೀಳದ ಕಡೆ ಇಲ್ಲ. ಲೇಖನದ ಮೊದಲಿಗೆ ಹೇಳಿದ ಮಾತು ಈ ಅಂಕಿಗಳಲ್ಲಿ ಅಚ್ಚೊತ್ತಿದಂತಿದೆ.

ಕಾರ್ಸಿನೋಸಾರ್ಕೋಮಾ ಮತ್ತು ಕ್ಲಿಯರ್ ಸೆಲ್ ಬಗೆಗಳಿಗೂ ಸಾಮಾನ್ಯವಾಗಿ ಇದೇ ಹಾದಿ: ಕೀಮೋ ಬೆನ್ನೆಲುಬು, ಕಿಬ್ಬೊಟ್ಟೆಗೆ ಅಥವಾ ಯೋನಿಯ ಮೇಲ್ತುದಿಗೆ ರೇಡಿಯೇಷನ್ ಅದರ ಜೊತೆ.

ಈಗ ಇನ್ನೂ ಒಂದು ಪದರ ಸೇರಿಕೊಂಡಿದೆ. 2013ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆ ಒಳಪದರದ ಕ್ಯಾನ್ಸರ್‌ಗಳನ್ನು ವಂಶವಾಹಿಯ ದೋಷದ ಆಧಾರದಲ್ಲಿ ನಾಲ್ಕು ಗುಂಪು ಮಾಡಿತು. ಸೂಕ್ಷ್ಮದರ್ಶಕದಲ್ಲಿ ಭಯ ಹುಟ್ಟಿಸುವಂತೆ ಕಂಡರೂ, ಪೋಲ್-ಇ ಎಂಬ ಜೀನ್‌ನಲ್ಲಿ ನಿರ್ದಿಷ್ಟ ದೋಷವಿರುವ ಗಡ್ಡೆಗಳು ಶಸ್ತ್ರಚಿಕಿತ್ಸೆಯ ನಂತರ ಮರಳುವುದು ತೀರ ಅಪರೂಪ. ಆರಂಭಿಕ ಹಂತದಲ್ಲಿ ಅಂಥವರಿಗೆ ಮುಂದಿನ ಚಿಕಿತ್ಸೆಯನ್ನೇ ಬಿಡಬಹುದು ಎಂಬ ಸಲಹೆ ಮಾರ್ಗಸೂಚಿಗಳಲ್ಲಿ ಬಂದಿದೆ. ಇನ್ನೊಂದು ತುದಿಯಲ್ಲಿ ಪಿ53 ಪ್ರೋಟೀನ್ ಕೆಟ್ಟ ಗಡ್ಡೆಗಳಿವೆ, ಬಹುತೇಕ ಎಲ್ಲ ಸೀರಸ್ ಗಡ್ಡೆಗಳೂ ಇಲ್ಲೇ ಬರುತ್ತವೆ. ಪೋರ್ಟೆಕ್-3ರ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ, ಈ ಗುಂಪಿನಲ್ಲಿ ಐದು ವರ್ಷ ಕ್ಯಾನ್ಸರ್ ಮರಳದೆ ಇದ್ದವರು ಜೋಡಿ ಚಿಕಿತ್ಸೆಯಲ್ಲಿ ನೂರಕ್ಕೆ 59, ಬರೀ ರೇಡಿಯೇಷನ್‌ನಲ್ಲಿ 36. ರಿಪೋರ್ಟಿನಲ್ಲಿ ಪಿ53ರ ಸಾಲು ಇದೆಯೇ ಎಂದು ಹುಡುಕಿ ನೋಡಿ. ಇಲ್ಲದಿದ್ದರೆ ಕೇಳಿ. ಯಾವ ಕಂಪನಿಯ ಯಂತ್ರದಲ್ಲಿ ರೇಡಿಯೇಷನ್ ಕೊಡುತ್ತಾರೆ ಎಂಬ ವಿಚಾರಣೆಗಿಂತ ಆ ಒಂದು ಸಾಲು ದೊಡ್ಡದು.

ಕೊಡುವುದು ಹೇಗೆ

ಬಾಯಿಮಾತಿನಲ್ಲಿ ಕರೆಂಟ್ ಕೊಡುವುದು ಎನ್ನುವ ಈ ಚಿಕಿತ್ಸೆಯಲ್ಲಿ ಶಾಕ್ ಹೊಡೆಯುವುದಿಲ್ಲ, ಬಿಸಿಯೂ ತಟ್ಟುವುದಿಲ್ಲ. ಐದು ವಾರದ ಒಟ್ಟು ಪ್ರಮಾಣವನ್ನೂ ಒಟ್ಟಿಗೆ ಶಾಖವಾಗಿ ಲೆಕ್ಕ ಹಾಕಿದರೆ ದೇಹದ ಆ ಭಾಗ ಬಿಸಿಯಾಗುವುದು ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟು. 'ಒಳಗೆಲ್ಲ ಸುಟ್ಟುಹೋಗುತ್ತದೆ' ಎಂಬ ಭಯಕ್ಕೆ ಇದು ಉತ್ತರ. ಕಿರಣಗಳ ಪೆಟ್ಟು ಬೀಳುವುದು ಜೀವಕೋಶದ ಡಿಎನ್‌ಎ ಎಳೆಗಳ ಮೇಲೆ. ಎಳೆ ತುಂಡಾದ ಜೀವಕೋಶ ಆ ಕ್ಷಣಕ್ಕೆ ಸಾಯುವುದಿಲ್ಲ, ಮುಂದೆ ಎರಡಾಗಿ ಒಡೆಯಲು ಹೋದಾಗ ಸೋಲುತ್ತದೆ. ಆರೋಗ್ಯವಂತ ಜೀವಕೋಶಗಳು ಕೆಲವು ಗಂಟೆಗಳಲ್ಲಿ ತಮ್ಮ ಹಾನಿಯನ್ನು ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಜೀವಕೋಶಗಳಿಗೆ ಆ ಕೆಲಸ ಅಷ್ಟು ಚೆನ್ನಾಗಿ ಬರುವುದಿಲ್ಲ. ಒಂದೇ ದಿನ ಕೊಡದೆ ದಿನಕ್ಕೆ 1.8 ಗ್ರೇ (ರೇಡಿಯೇಷನ್ ಪ್ರಮಾಣವನ್ನು ಅಳೆಯುವ ಮಾನ) ಅಥವಾ ಅದರ ಆಸುಪಾಸು, ವಾರಕ್ಕೆ ಐದು ದಿನ, ಒಟ್ಟು 45ರಿಂದ 50.4 ಗ್ರೇವರೆಗೆ 25ರಿಂದ 28 ಕಂತುಗಳಲ್ಲಿ ಕೊಡುವುದು ಈ ವ್ಯತ್ಯಾಸದ ಲಾಭ ಪಡೆಯಲಿಕ್ಕೆ.

ಗಾಯ ಮಾಗಲೆಂದು ಶಸ್ತ್ರಚಿಕಿತ್ಸೆಯಾಗಿ ಒಂದರಿಂದ ಎರಡು ತಿಂಗಳೊಳಗೆ ಸಾಮಾನ್ಯವಾಗಿ ಶುರುಮಾಡುತ್ತಾರೆ. ಕೀಮೋ ಮೊದಲಿಗೆ ಇದ್ದರೆ ಈ ಲೆಕ್ಕ ಮುಂದಕ್ಕೆ ಹೋಗುತ್ತದೆ. ಮೊದಲ ದಿನ ಚಿಕಿತ್ಸೆ ಇರುವುದಿಲ್ಲ, ಅಳತೆ ಮಾತ್ರ. ಮುಂದೆ ದಿನವೂ ಯಾವ ಭಂಗಿಯಲ್ಲಿ ಮಲಗಬೇಕೋ ಅದೇ ಭಂಗಿಯಲ್ಲಿ ಸಿಟಿ ಸ್ಕ್ಯಾನ್ ಮಾಡುತ್ತಾರೆ, ಹೊಟ್ಟೆಯ ಮೇಲೂ ಸೊಂಟದ ಎರಡು ಪಕ್ಕಕ್ಕೂ ಚುಕ್ಕೆಗುರುತು ಹಾಕುತ್ತಾರೆ. ಮೂತ್ರ ಮಾಡಿ ಬಂದು, ಹೇಳಿದಷ್ಟು ನೀರು ಕುಡಿದು, ಹೇಳಿದಷ್ಟು ಹೊತ್ತು ತಡೆದುಕೊಳ್ಳಿ ಎನ್ನುತ್ತಾರೆ. ರೇಗಿಸುವ ನಿಯಮ ಇದು, ಅದರಲ್ಲೂ ಶಸ್ತ್ರಚಿಕಿತ್ಸೆ ಆದ ಹೊಸತರಲ್ಲಿ. ಆದರೆ ಇದಕ್ಕೆ ಗಟ್ಟಿ ಕಾರಣವಿದೆ. ಗರ್ಭಕೋಶ ಹೋದ ಮೇಲೆ ಆ ಖಾಲಿ ಜಾಗಕ್ಕೆ ಸಣ್ಣ ಕರುಳು ಇಳಿದು ಬಂದು ಕೂರುತ್ತದೆ, ನೇರ ಕಿರಣದ ದಾರಿಗೇ. ತುಂಬಿದ ಮೂತ್ರಕೋಶ ಅದನ್ನು ಮೇಲಕ್ಕೆ ತಳ್ಳಿ ಹಿಡಿಯುತ್ತದೆ. ದಿನವೂ ಒಂದೇ ಅಳತೆಗೆ ತುಂಬಿದ್ದರೆ ಹೊಲಿಗೆಯ ಜಾಗವೂ ಅತ್ತಿತ್ತ ಸರಿಯುವುದಿಲ್ಲ.

ಯಂತ್ರದ ಕೋಣೆಯಲ್ಲಿ ಕಳೆಯುವುದು ಕಾಲು ಗಂಟೆಯ ಆಸುಪಾಸು, ಅದರಲ್ಲಿ ಹೆಚ್ಚಿನ ಸಮಯ ಸರಿಯಾಗಿ ಮಲಗಿಸುವುದಕ್ಕೇ. ಇಂದಿನ ಐಎಂಆರ್‌ಟಿ ವಿಧಾನದಲ್ಲಿ ಕಿರಣದ ತೀವ್ರತೆಯನ್ನು ಬಿಂದು ಬಿಂದುವಿಗೂ ಏರಿಳಿಸಿ, ಕರುಳಿನ ಮೇಲೆ ಬೀಳುವುದನ್ನು ತಗ್ಗಿಸುತ್ತಾರೆ. ಇದರಿಂದ ನಿಜವಾಗಿ ಏನಾದರೂ ಉಪಯೋಗವಿದೆಯೇ, ಬರೀ ದುಬಾರಿ ಹೆಸರೇ? ಮುಂಬೈಯ ಟಾಟಾ ಸ್ಮಾರಕ ಕೇಂದ್ರದ ಪಾರ್ಸರ್ ಎಂಬ ಪ್ರಯೋಗ ಇದನ್ನು 300 ಮಹಿಳೆಯರಲ್ಲಿ ಪರೀಕ್ಷಿಸಿತು. ಅವರಿಗಿದ್ದದ್ದು ಗರ್ಭಕಂಠದ ಕ್ಯಾನ್ಸರ್. ಆದರೆ ಶಸ್ತ್ರಚಿಕಿತ್ಸೆಯ ನಂತರ ಅದೇ ಕಿಬ್ಬೊಟ್ಟೆ, ಅದೇ ಕರುಳು. ಮೂರು ವರ್ಷದಲ್ಲಿ ಕರುಳಿನ ಗಮನಾರ್ಹ ತೊಂದರೆ ಹಳೆಯ ವಿಧಾನದಲ್ಲಿ ನೂರಕ್ಕೆ 42 ಮಂದಿಗೆ, ಹೊಸದರಲ್ಲಿ 21 ಮಂದಿಗೆ. ಅರ್ಧಕ್ಕೆ ಅರ್ಧ.

ಎರಡನೇ ವಿಧಾನ ಬ್ರಾಕಿಥೆರಪಿ, ಒಳಗಿನಿಂದ ಕೊಡುವ ರೇಡಿಯೇಷನ್. ಗರ್ಭಕೋಶ ತೆಗೆದ ಮೇಲೆ ಯೋನಿಯ ಮೇಲ್ತುದಿಯನ್ನು ಹೊಲಿದು ಮುಚ್ಚಿರುತ್ತಾರೆ. ಒಳಪದರದ ಕ್ಯಾನ್ಸರ್‌ಗಳು ಮರಳುವ ಮೆಚ್ಚಿನ ಜಾಗಗಳಲ್ಲಿ ಅದೂ ಒಂದು. ಸುಮಾರು ಮೂರು ಸೆಂಟಿಮೀಟರ್ ದಪ್ಪದ ನಯವಾದ ಪ್ಲಾಸ್ಟಿಕ್ ಸಿಲಿಂಡರನ್ನು ಯೋನಿಯೊಳಗೆ ಇರಿಸುತ್ತಾರೆ. ಅದರ ನಡುವಿನ ಕೊಳವೆಯಲ್ಲಿ, ತಂತಿಯ ತುದಿಗೆ ಅಂಟಿದ ಅಕ್ಕಿಕಾಳಿಗಿಂತ ಚಿಕ್ಕ ಇರಿಡಿಯಂ-192 ತುಣುಕು ಒಳಗೆ ಸಾಗಿ, ಒಂದೊಂದು ಜಾಗದಲ್ಲಿ ಕೆಲವು ಸೆಕೆಂಡು ನಿಂತು, ಮರಳಿ ಯಂತ್ರದ ಪೆಟ್ಟಿಗೆಗೆ ಹೋಗುತ್ತದೆ. ಹೆಚ್ಚಿನವರಿಗೆ ಅರಿವಳಿಕೆ ಬೇಕಾಗುವುದಿಲ್ಲ, ಕೆಲವೇ ನಿಮಿಷದ ಕೆಲಸ. ವಾರಕ್ಕೊಮ್ಮೆಯಂತೆ ಮೂರು ಸಲ 7 ಗ್ರೇ ಕೊಡುವುದು ಒಂದು ಸಾಮಾನ್ಯ ಪದ್ಧತಿ. ಇರಿಡಿಯಂನ ಶಕ್ತಿ ಸುಮಾರು 74 ದಿನಕ್ಕೆ ಅರ್ಧಕ್ಕಿಳಿಯುತ್ತದೆ. ಹೊಸ ತುಣುಕು ಹಾಕಿದ ವಾರದಲ್ಲಿ ಹೋದವರಿಗೆ ನಾಲ್ಕೈದು ನಿಮಿಷದಲ್ಲಿ ಮುಗಿದದ್ದು, ಎರಡೂವರೆ ತಿಂಗಳ ನಂತರ ಹೋದವರಿಗೆ ಅದರ ಎರಡರಷ್ಟು ಹಿಡಿಯುತ್ತದೆ. ಪ್ರಮಾಣ ಇಬ್ಬರಿಗೂ ಒಂದೇ, ಗಾಬರಿ ಬೇಡ. ಎರಡೂ ವಿಧಾನದಲ್ಲಿ ಚಿಕಿತ್ಸೆ ಮುಗಿದ ಕೂಡಲೇ ದೇಹದಲ್ಲಿ ವಿಕಿರಣ ಉಳಿಯುವುದಿಲ್ಲ. ಮಗುವನ್ನು ಎತ್ತಿಕೊಳ್ಳಬಹುದು, ಗರ್ಭಿಣಿಯ ಪಕ್ಕ ಕೂರಬಹುದು.

ಆಮೇಲಿನ ಲೆಕ್ಕ

ಜೀವಕೋಶ ಒಡೆಯುವಾಗ ಸಾಯುತ್ತದೆ ಎಂದೆನಲ್ಲ, ಅಡ್ಡಪರಿಣಾಮಗಳು ಮೊದಲ ವಾರದಲ್ಲೇ ಕಾಣದಿರುವುದಕ್ಕೂ ಅದೇ ಕಾರಣ. ಎರಡು ಮೂರನೇ ವಾರಕ್ಕೆ ಭೇದಿ, ಮೂತ್ರದ ಉರಿ, ಎಷ್ಟು ಮಲಗಿದರೂ ಹೋಗದ ಸುಸ್ತು ಶುರುವಾಗಿ, ಕೊನೆಯ ದಿನದಾಚೆಗೂ ಕೆಲವು ವಾರ ಇರುತ್ತವೆ. 'ಚಿಕಿತ್ಸೆ ಮುಗಿದರೂ ಸುಧಾರಿಸಲಿಲ್ಲ' ಎಂದು ಆ ಹೊತ್ತಿನಲ್ಲಿ ಹೆದರುವವರು ಬಹಳ. ಹೆಚ್ಚಿನ ಸಲ ಅದು ಮಾಮೂಲು ಗತಿ. ಭೇದಿಗೆ ಮಾತ್ರೆಯಿದೆ, ಸಂಕೋಚಪಟ್ಟು ಸುಮ್ಮನಿರುವ ಅಗತ್ಯವಿಲ್ಲ. ನೀರಿಳಿದು ನಿತ್ರಾಣವಾದರೆ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಗುತ್ತದೆ. ನಡುವೆ ಬಿಡುವು ಬಿದ್ದಷ್ಟೂ ಕ್ಯಾನ್ಸರ್ ಜೀವಕೋಶಗಳಿಗೆ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ.

ತಿಂಗಳು, ವರ್ಷಗಳ ಮೇಲೆ ಬರುವ ತೊಂದರೆಗಳು ಬೇರೆ, ಅವುಗಳ ಬಗ್ಗೆ ಮಾತೂ ಕಡಿಮೆ. ಯೋನಿ ಒಣಗಿ, ಗೋಡೆಗಳು ಅಂಟಿಕೊಂಡು ಕಿರಿದಾಗಬಹುದು. ಇದನ್ನು ತಡೆಯಲು ಡೈಲೇಟರ್ ಎಂಬ ನಯವಾದ ಕೊಳವೆಯಾಕಾರದ ಸಾಧನವನ್ನು, ಉರಿ ಆರಿದ ಕೆಲವು ವಾರಗಳ ನಂತರ, ಜೆಲ್ ಹಚ್ಚಿ ವಾರಕ್ಕೆ ಕೆಲವು ಸಲ ಬಳಸಲು ಹೇಳುತ್ತಾರೆ. ಅಥವಾ ಹೇಳಬೇಕು. ನಾಚಿಕೆಯಿಂದ ರೋಗಿ ಕೇಳುವುದಿಲ್ಲ, ಗಡಿಬಿಡಿಯಲ್ಲಿ ವೈದ್ಯರು ಹೇಳುವುದಿಲ್ಲ. ಇದು ದಾಂಪತ್ಯ ಜೀವನ ಇರುವವರಿಗೆ ಮಾತ್ರ ಎಂದು ತಿಳಿಯುವುದು ತಪ್ಪು. ಯೋನಿ ಮುಚ್ಚಿಹೋದರೆ ಮುಂದಿನ ತಪಾಸಣೆಗಳಲ್ಲಿ ಹೊಲಿಗೆಯ ಜಾಗವನ್ನು ನೋಡುವುದೇ ಕಷ್ಟ.

ಗ್ರಂಥಿಗಳನ್ನೂ ತೆಗೆದು ರೇಡಿಯೇಷನ್ನನ್ನೂ ಪಡೆದವರಿಗೆ ಕಾಲು ಊದುವ ಸಾಧ್ಯತೆ ಹೆಚ್ಚು. ಸೊಂಟದ ಹಿಂಭಾಗದ ಮೂಳೆ ದುರ್ಬಲವಾಗಿ ಸಣ್ಣ ಬಿರುಕು ಬಿಡಬಹುದು, ಮುಟ್ಟು ನಿಂತು ಮೂಳೆ ಮೊದಲೇ ಸವೆದಿದ್ದವರಲ್ಲಿ ವಿಶೇಷವಾಗಿ. ಈ ಬಿರುಕಿನ ನೋವನ್ನು, ಸ್ಕ್ಯಾನ್‌ನಲ್ಲಿ ಕಾಣುವ ಹೊಳಪನ್ನು ಕ್ಯಾನ್ಸರ್ ಮೂಳೆಗೆ ಹರಡಿತು ಎಂದು ತಪ್ಪು ತಿಳಿದ ಪ್ರಸಂಗಗಳಿವೆ. ಹಾಗಾಗಿ ರೇಡಿಯೇಷನ್ ಆಗಿದೆ ಎಂಬುದನ್ನು ಸ್ಕ್ಯಾನ್ ಓದುವವರಿಗೆ ಪ್ರತಿ ಸಲವೂ ಹೇಳಬೇಕು. ಎಷ್ಟು ಗ್ರೇ, ಯಾವ ಜಾಗ, ಯಾವ ದಿನಾಂಕ ಎಂಬ ಸಾರಾಂಶದ ಹಾಳೆಯನ್ನು ಕೇಳಿ ಪಡೆದು ಜೋಪಾನ ಮಾಡಿ.

ಆ ಹಾಳೆ ಇನ್ನೊಂದು ಕಾರಣಕ್ಕೂ ಬೇಕು. ಒಂದು ಜಾಗಕ್ಕೆ ಪೂರ್ಣ ಪ್ರಮಾಣದ ರೇಡಿಯೇಷನ್ ಸಾಮಾನ್ಯವಾಗಿ ಜೀವಮಾನಕ್ಕೆ ಒಂದೇ ಸಲ. ಕರುಳು, ಮೂತ್ರಕೋಶಗಳು ತಿಂದ ಪೆಟ್ಟನ್ನು ಪೂರ್ತಿ ಮರೆಯುವುದಿಲ್ಲ. ಇವತ್ತು ಅನುಮಾನದ ಮೇಲೆ ಖರ್ಚುಮಾಡಿದರೆ, ನಾಳೆ ಕಣ್ಣೆದುರು ಗಡ್ಡೆ ಬಂದಾಗ ಕೈಯಲ್ಲಿ ಆ ಅಸ್ತ್ರ ಇರುವುದಿಲ್ಲ. ಮರಳುವ ಸಾಧ್ಯತೆ ತೀರ ಕಡಿಮೆ ಇರುವವರಿಗೆ, ಅಥವಾ ಕಿಬ್ಬೊಟ್ಟೆಯಲ್ಲಿ ಮರಳುವುದು ಮುಖ್ಯ ಚಿಂತೆ ಅಲ್ಲದವರಿಗೆ, ಅದನ್ನು ಕಾದಿಡುವುದು ಜಾಣತನ. ಸೀರಸ್‌ನಂಥ ಉಗ್ರ ಬಗೆಯಲ್ಲಿ ಹೀಗೆ ಕಾಯುವುದು ದುಬಾರಿಯಾಗಬಹುದು, ಅಲ್ಲಿ ಮೊದಲೇ ಕೊಡುವುದೇ ಲೇಸು.

ಇಷ್ಟೆಲ್ಲ ನಿಂತಿರುವುದು ಬಯಾಪ್ಸಿ ರಿಪೋರ್ಟಿನಲ್ಲಿ ಬರೆದ ಹೆಸರಿನ ಮೇಲೆ. ಅಪರೂಪದ ಗಡ್ಡೆಗಳ ಹೆಸರು ತಪ್ಪುವುದೂ ಉಂಟು. ವಿಚಿತ್ರವಾಗಿ ಕಾಣುವ ಫೈಬ್ರಾಯ್ಡ್ ಸಾರ್ಕೋಮಾ ಅನ್ನಿಸಿಕೊಂಡದ್ದಿದೆ, ಕಡಿಮೆ ದರ್ಜೆಯದು ಹೆಚ್ಚು ದರ್ಜೆಯದಾಗಿ ದಾಖಲಾದದ್ದಿದೆ. ಗಡ್ಡೆಯ ತುಣುಕುಗಳನ್ನು ಲ್ಯಾಬಿನಲ್ಲಿ ಮೇಣದ ಬ್ಲಾಕುಗಳಲ್ಲಿ ಇಟ್ಟಿರುತ್ತಾರೆ. ಚಿಕಿತ್ಸೆ ಶುರುವಾಗುವ ಮೊದಲೇ ಆ ಬ್ಲಾಕು, ಸ್ಲೈಡುಗಳನ್ನು ಕೇಳಿ ಪಡೆದು, ಇಂಥ ಗಡ್ಡೆಗಳನ್ನು ಹೆಚ್ಚಾಗಿ ನೋಡುವ ದೊಡ್ಡ ಕ್ಯಾನ್ಸರ್ ಕೇಂದ್ರದ ಪ್ಯಾಥಾಲಜಿಸ್ಟ್ ಒಬ್ಬರಿಗೆ ತೋರಿಸಬಹುದು. ಒಂದೆರಡು ವಾರ ಹಿಡಿಯುತ್ತದೆ. ಹೊಲಿಗೆ ಮಾಗಲೆಂದು ಹೇಗಿದ್ದರೂ ಅಷ್ಟು ದಿನ ಕಾಯಲೇಬೇಕು.